ದುರ್ಬಲರ ದೂರಿಗೆ ಒಂದು ಬಾಗಿಲು: ನ್ಯಾಯಾಲಯ ಮತ್ತು ನಮ್ಮ ಹೊಣೆ

ಮದೀನಾದಲ್ಲಿ ಒಂದು ದಿನ ಖೌಲಾ ಬಿಂತ್ ಸಅಲಬಾ(ರ) ಎಂಬ ಸಹಾಬಿ ಮಹಿಳೆ ಪ್ರವಾದಿ(ಸ)ರ ಬಳಿಗೆ ದೂರು ತಂದರು. ಅವರ ಪತಿ ಔಸ್ ಬಿನ್ ಸಾಮಿತ್(ರ) ಸಿಟ್ಟಿನ ಭರದಲ್ಲಿ, ನೀನು ನನ್ನ ಪಾಲಿಗೆ ನನ್ನ ತಾಯಿಯ ಬೆನ್ನಿನಂತೆ ಎಂದುಬಿಟ್ಟಿದ್ದರು. ಅರಬರ ಹಳೆಯ ರೂಢಿಯಲ್ಲಿ ಇದಕ್ಕೆ ಝಿಹಾರ್ ಎನ್ನುತ್ತಿದ್ದರು. ಆ ಮಾತು ಬಾಯಿಂದ ಹೊರಟರೆ ಹೆಂಡತಿ ಹೆಂಡತಿಯಾಗಿ ಉಳಿಯುತ್ತಿರಲಿಲ್ಲ. ಇನ್ನೊಂದು ಮದುವೆಯಾಗುವ ಬಿಡುಗಡೆಯೂ ಅವಳಿಗೆ ಸಿಗುತ್ತಿರಲಿಲ್ಲ. ಖೌಲಾ(ರ)ರಿಗೆ ವಯಸ್ಸಾಗಿತ್ತು, ಮಕ್ಕಳಿದ್ದರು. ತಾನು ಎಲ್ಲಿಗೆ ಹೋಗಲಿ ಎಂದು ಅವರು ಮತ್ತೆ ಮತ್ತೆ ಕೇಳಿದರು. ಅದೇ ಕೋಣೆಯ ಮೂಲೆಯಲ್ಲಿದ್ದ ಹ. ಆಯಿಶಾ(ರ)ರಿಗೆ ಅವರ ಮಾತುಗಳೆಲ್ಲ ಸರಿಯಾಗಿ ಕೇಳಿಸಿರಲಿಲ್ಲ. ಆದರೆ ಅಲ್ಲಾಹನು ಕೇಳಿದ್ದನು. ಸೂರಃ ಅಲ್ ಮುಜಾದಲದ ಆರಂಭದ ಆಯತ್‌ಗಳು ಆ ದೂರಿಗೆ ಉತ್ತರವಾಗಿ ಅವತೀರ್ಣವಾದವು. ಝಿಹಾರ್‌ನ ಅನ್ಯಾಯ ಅಂದಿಗೆ ಕೊನೆಗೊಂಡಿತು.

ಇಲ್ಲಿ ನಾವು ಗಮನಿಸಬೇಕಾದ ಒಂದು ಅಂಶವಿದೆ. ಮನೆಯ ವಿಷಯವನ್ನು ಹೊರಗೆ ಏಕೆ ತಂದೆ ಎಂದು ಆ ಮಹಿಳೆಯನ್ನು ಯಾರೂ ಗದರಿಸಲಿಲ್ಲ. ಗಂಡನ ಮಾನ ಕಳೆದೆ ಎಂದೂ ಹೇಳಲಿಲ್ಲ. ಮುಂದೆ ಹ. ಉಮರ್(ರ) ಖಲೀಫರಾಗಿದ್ದಾಗ ಇದೇ ಖೌಲಾ(ರ) ದಾರಿಯಲ್ಲಿ ಅವರನ್ನು ನಿಲ್ಲಿಸಿ ಬಹಳ ಹೊತ್ತು ಉಪದೇಶ ಮಾಡಿದರೆಂದೂ, ಖಲೀಫರು ತಲೆ ಬಾಗಿಸಿ ಕೇಳುತ್ತ ನಿಂತರೆಂದೂ ವರದಿಗಳಿವೆ. ಏಳು ಆಕಾಶಗಳ ಮೇಲಿನಿಂದ ಅಲ್ಲಾಹನೇ ಕೇಳಿದ ಧ್ವನಿಯನ್ನು ಉಮರ್ ಕೇಳದಿರುವುದು ಹೇಗೆ ಎಂಬುದು ಅವರ ಭಾವನೆಯಾಗಿತ್ತು.

ಇಂದು ನಮ್ಮ ಮೊಹಲ್ಲಾಗಳಲ್ಲಿ ಗಂಡ ಬಿಟ್ಟುಹೋದ ಹೆಣ್ಣುಮಗಳು, ಮಕ್ಕಳು ಕೈಬಿಟ್ಟ ವೃದ್ಧ ತಾಯಿ, ತಂದೆಯಿಂದ ಒಂದು ಪೈಸೆಯೂ ಸಿಗದ ಮಕ್ಕಳು ಕೋರ್ಟಿನ ಮೆಟ್ಟಿಲು ಹತ್ತಲು ಹೊರಟರೆ ಕೇಳುವ ಮೊದಲ ಮಾತು, ಮರ್ಯಾದೆ ಹೋಗುತ್ತದೆ ಎಂಬುದು. ಯಾರ ಮರ್ಯಾದೆ? ಹಸಿದವರದ್ದೋ, ಹಸಿವಿಗೆ ಕಾರಣರಾದವರದ್ದೋ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ದುರ್ಬಲರ ರಕ್ಷಣೆಯಲ್ಲಿ ನ್ಯಾಯಾಲಯದ ಪಾತ್ರವೇನು, ಕಾನೂನು ಏನು ಹೇಳುತ್ತದೆ, ನಮ್ಮ ಹೊಣೆ ಏನು ಎಂಬುದನ್ನು ತಿಳಿದುಕೊಳ್ಳೋಣ.

ನ್ಯಾಯಪೀಠ ಇರುವುದು ಯಾರಿಗಾಗಿ?

ಬಲಶಾಲಿಗೆ ನ್ಯಾಯಾಧೀಶನ ಅಗತ್ಯ ಅಷ್ಟಾಗಿ ಇರುವುದಿಲ್ಲ. ಅವನ ಹಣ, ಅವನ ಕುಟುಂಬ, ಅವನ ಗಂಟಲೇ ಅವನ ಕೆಲಸ ಮಾಡಿಕೊಡುತ್ತವೆ. ಇವು ಯಾವುವೂ ಇಲ್ಲದವರಿಗಾಗಿಯೇ ನ್ಯಾಯಪೀಠ ಇರುವುದು. ಹ. ಅಬೂಬಕರ್(ರ) ಖಲೀಫರಾದಾಗ ಮಾಡಿದ ಮೊದಲ ಭಾಷಣದ ತಿರುಳೂ ಇದೇ ಆಗಿತ್ತು. ನಿಮ್ಮಲ್ಲಿ ದುರ್ಬಲನಾದವನಿಗೆ ಅವನ ಹಕ್ಕು ಕೊಡಿಸುವವರೆಗೆ ಅವನೇ ನನ್ನ ಪಾಲಿಗೆ ಬಲಶಾಲಿ. ಬಲಶಾಲಿಯಿಂದ ಇತರರ ಹಕ್ಕನ್ನು ಮರಳಿ ಪಡೆಯುವವರೆಗೆ ಅವನೇ ದುರ್ಬಲ ಎಂದು ಅವರು ಸಾರಿದರು. ಹ. ಉಮರ್(ರ) ಅಬೂಮೂಸಾ ಅಶ್‌ಅರೀ(ರ)ರಿಗೆ ಬರೆದ ಪ್ರಸಿದ್ಧ ಪತ್ರದಲ್ಲಿ, ಕೂರಿಸುವುದರಲ್ಲಿ, ನೋಡುವ ನೋಟದಲ್ಲಿ, ತೀರ್ಪಿನಲ್ಲಿ ಜನರನ್ನು ಸಮನಾಗಿ ಕಾಣುವಂತೆ ಸೂಚಿಸಿದರು. ಇಲ್ಲವಾದರೆ ಬಲಶಾಲಿ ನಿಮ್ಮ ಪಕ್ಷಪಾತವನ್ನು ಆಶಿಸುತ್ತಾನೆ, ದುರ್ಬಲನು ನಿಮ್ಮ ನ್ಯಾಯದ ಬಗ್ಗೆ ನಿರಾಶನಾಗುತ್ತಾನೆ ಎಂಬುದು ಅವರು ಕೊಟ್ಟ ಕಾರಣ.

ಜೀವನಾಂಶದ ವಿಷಯದಲ್ಲಂತೂ ನೇರವಾದ ಮಾದರಿಯೇ ಇದೆ. ಅಬೂಸುಫ್ಯಾನ್(ರ)ರ ಪತ್ನಿ ಹಿಂದ್(ರ) ಪ್ರವಾದಿ(ಸ)ರ ಬಳಿ ಬಂದು, ತನ್ನ ಪತಿ ಕೈಬಿಗಿ ಮಾಡುವವರು, ತನಗೂ ಮಕ್ಕಳಿಗೂ ಸಾಕಾಗುವಷ್ಟು ಕೊಡುವುದಿಲ್ಲ ಎಂದು ದೂರಿದರು. ನಿನಗೂ ನಿನ್ನ ಮಕ್ಕಳಿಗೂ ವಾಡಿಕೆಯಂತೆ ಬೇಕಾದಷ್ಟನ್ನು ಅವರ ಸೊತ್ತಿನಿಂದ ತೆಗೆದುಕೊಳ್ಳಬಹುದು ಎಂದು ಪ್ರವಾದಿ(ಸ) ಅನುಮತಿಸಿದರು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಬಂದಿರುವ ಈ ಹದೀಸನ್ನು ಆಧರಿಸಿ, ಪತ್ನಿ ಮತ್ತು ಮಕ್ಕಳ ಖರ್ಚು ಗಂಡನ ಔದಾರ್ಯವಲ್ಲ, ಅವನ ಮೇಲಿರುವ ಸಾಲದಂತಹ ಬಾಧ್ಯತೆ ಎಂದು ಫುಕಹಾಗಳು ವಿವರಿಸಿದ್ದಾರೆ.

ಈ ದೇಶದ ಕೋರ್ಟಿಗೆ ಹೋಗಬಹುದೇ?

ಇಲ್ಲಿಯ ನ್ಯಾಯಾಲಯ ಇಸ್ಲಾಮೀ ನ್ಯಾಯಾಲಯವಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. ಸೀರತ್‌ನಲ್ಲಿ ಇದಕ್ಕೆ ಎರಡು ಘಟನೆಗಳು ದಾರಿ ತೋರಿಸುತ್ತವೆ.

ಒಂದು, ಹಿಲ್ಫುಲ್ ಫುಝೂಲ್. ಪ್ರವಾದಿತ್ವಕ್ಕೆ ಮುಂಚೆ ಯಮನಿನ ಝಬೀದ್ ಊರಿನ ವ್ಯಾಪಾರಿಯೊಬ್ಬನ ಸರಕನ್ನು ಮಕ್ಕಾದ ಪ್ರಮುಖ ಆಸ್ ಬಿನ್ ವಾಇಲ್ ಪಡೆದು ಹಣ ಕೊಡಲಿಲ್ಲ. ಮಕ್ಕಾದಲ್ಲಿ ಆ ವ್ಯಾಪಾರಿಗೆ ಬಂಧುಗಳಿರಲಿಲ್ಲ, ಕೇಳುವವರೂ ಇರಲಿಲ್ಲ. ಆಗ ಕೆಲವರು ಅಬ್ದುಲ್ಲಾ ಬಿನ್ ಜುದ್‌ಆನ್‌ನ ಮನೆಯಲ್ಲಿ ಸೇರಿ, ಅನ್ಯಾಯಕ್ಕೊಳಗಾದವನು ಊರಿನವನಿರಲಿ ಪರವೂರಿನವನಿರಲಿ, ಹಕ್ಕು ಸಿಗುವವರೆಗೆ ಅವನ ಜೊತೆ ನಿಲ್ಲುತ್ತೇವೆ ಎಂದು ಒಪ್ಪಂದ ಮಾಡಿಕೊಂಡರು. ಪ್ರವಾದಿ(ಸ) ಆ ಸಭೆಯಲ್ಲಿದ್ದರು. ಇಸ್ಲಾಮ್ ಬಂದ ನಂತರವೂ ಅಂತಹ ಒಪ್ಪಂದಕ್ಕೆ ಕರೆದರೆ ತಾನು ಓಗೊಡುವೆನೆಂದು ಅವರು ಹೇಳಿದ್ದರು. ಅದನ್ನು ಮಾಡಿಕೊಂಡವರು ಮುಸ್ಲಿಮರಾಗಿರಲಿಲ್ಲ ಎಂಬುದನ್ನು ನೆನಪಿಡಬೇಕು.

ಎರಡು, ಅಬಿಸೀನಿಯಾದ ಹಿಜ್ರತ್. ಮಕ್ಕಾದಲ್ಲಿ ಹಿಂಸೆ ಮಿತಿಮೀರಿದಾಗ, ಯಾರಿಗೂ ಅನ್ಯಾಯವಾಗದ ಅರಸನೊಬ್ಬನ ನಾಡು ಅದು ಎಂದು ಹೇಳಿ ಪ್ರವಾದಿ(ಸ) ಸಹಾಬಿಗಳನ್ನು ಅಲ್ಲಿಗೆ ಕಳುಹಿಸಿದರು. ಆ ಅರಸ ನಜ್ಜಾಶಿ ಆಗ ಕ್ರೈಸ್ತನಾಗಿದ್ದ. ಅವನ ದರ್ಬಾರಿನಲ್ಲಿ ಹ. ಜಅಫರ್(ರ) ಎದ್ದು ನಿಂತು ತಮ್ಮವರ ವಾದವನ್ನು ಮಂಡಿಸಿದರು. ಎರಡೂ ಕಡೆಯವರ ಮಾತು ಕೇಳಿದ ಅರಸ, ಕುರೈಶರು ತಂದ ಉಡುಗೊರೆಗಳನ್ನು ಹಿಂದಿರುಗಿಸಿ, ನಿರಾಶ್ರಿತರನ್ನು ಒಪ್ಪಿಸಲು ನಿರಾಕರಿಸಿದ.

ನ್ಯಾಯ ಸಿಗುವ ಕಡೆ ಅದನ್ನು ಕೇಳುವುದು ಈಮಾನಿಗೆ ಕುಂದಲ್ಲ ಎಂಬುದು ಈ ಘಟನೆಗಳ ಪಾಠ. ಸೂರಃ ಅನ್ನಿಸಾದ 135ನೇ ಆಯತ್ ಇನ್ನೂ ಮುಂದೆ ಹೋಗುತ್ತದೆ. ನಮ್ಮದೇ ವಿರುದ್ಧ, ನಮ್ಮ ಹೆತ್ತವರ ಅಥವಾ ಬಂಧುಗಳ ವಿರುದ್ಧ ಹೋದರೂ ನ್ಯಾಯದ ಪರವಾಗಿಯೇ ಸಾಕ್ಷಿ ನಿಲ್ಲಬೇಕೆಂದು ಅದು ಆಜ್ಞಾಪಿಸುತ್ತದೆ.

ಜೀವನಾಂಶ: ಕಾನೂನು ಏನು ಹೇಳುತ್ತದೆ?

ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಎಂದು ಎಲ್ಲರಿಗೂ ಗೊತ್ತಿದ್ದ ನಿಯಮ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ಸಾಕುವ ಶಕ್ತಿಯಿದ್ದೂ ಸಾಕದೆ ಕೈಬಿಟ್ಟವನಿಂದ, ತಮ್ಮನ್ನು ತಾವು ಸಾಕಿಕೊಳ್ಳಲಾಗದ ಪತ್ನಿ, ಅಪ್ರಾಪ್ತ ಮಕ್ಕಳು, ದುಡಿಯಲಾಗದಂತಹ ಅಂಗವೈಕಲ್ಯವಿರುವ ಪ್ರಾಯದ ಮಕ್ಕಳು, ತಂದೆ ಮತ್ತು ತಾಯಿ ಪ್ರತಿ ತಿಂಗಳ ಜೀವನಾಂಶ ಕೇಳಬಹುದು. ಇದಕ್ಕೆ ಧರ್ಮದ ಭೇದವಿಲ್ಲ. ಕೌಟುಂಬಿಕ ನ್ಯಾಯಾಲಯವಿರುವ ಊರಿನಲ್ಲಿ ಅಲ್ಲಿ, ಇಲ್ಲದ ಕಡೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಅರ್ಜಿ ಹಾಕಬೇಕು.

ತಿಳಿದಿರಬೇಕಾದ ಕೆಲವು ಅಂಶಗಳು:

ಪತ್ನಿ ತಾನು ಈಗ ವಾಸಿಸುವ ಊರಿನಲ್ಲೇ ಅರ್ಜಿ ಹಾಕಬಹುದು. ಗಂಡನ ಊರಿಗೆ ಅಲೆಯಬೇಕಾಗಿಲ್ಲ. ಹೊಸ ಕಾನೂನಿನ ಪ್ರಕಾರ ತಂದೆ ತಾಯಿಯೂ ತಾವಿರುವ ಊರಿನಲ್ಲೇ ಕೇಳಬಹುದು.

ಪ್ರಕರಣ ಮುಗಿಯುವವರೆಗೆ ಹಸಿದಿರಬೇಕಾಗಿಲ್ಲ. ಮಧ್ಯಂತರ ಜೀವನಾಂಶವನ್ನೂ ಕೇಳಬಹುದು. ಎದುರು ಕಕ್ಷಿಗೆ ನೋಟಿಸ್ ತಲುಪಿದ 60 ದಿನಗಳೊಳಗೆ, ಸಾಧ್ಯವಾದಷ್ಟು ಮಟ್ಟಿಗೆ, ಆ ಅರ್ಜಿಯನ್ನು ತೀರ್ಮಾನಿಸಬೇಕೆಂದು ಕಾನೂನು ಹೇಳುತ್ತದೆ.

2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ, ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕೆಂದು ಹೇಳಿತು. ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳನ್ನೆಲ್ಲ ಅಫಿಡವಿಟ್ ಮೂಲಕ ಬಹಿರಂಗಪಡಿಸಬೇಕೆಂದೂ ಸೂಚಿಸಿತು.

ಆದೇಶವಾದ ಮೇಲೂ ಕೊಡದಿದ್ದರೆ ಕೋರ್ಟು ವಾರಂಟ್ ಹೊರಡಿಸಬಹುದು. ಬಾಕಿಯಿರುವ ಒಂದೊಂದು ತಿಂಗಳ ಮೊತ್ತಕ್ಕೂ ಒಂದು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಆದರೆ ಬಾಕಿ ವಸೂಲಿಯ ವಾರಂಟಿಗೆ, ಹಣ ಕೊಡಬೇಕಾಗಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಇಂದು ಕೊಟ್ಟಾರು, ನಾಳೆ ಕೊಟ್ಟಾರು ಎಂದು ಕಾಯುತ್ತ ಈ ಅವಧಿಯನ್ನು ಕಳೆದುಕೊಳ್ಳುವವರಿದ್ದಾರೆ.

ಹೊಡೆತ, ಬೈಗುಳ, ಮನೆಯಿಂದ ಹೊರಹಾಕುವ ಬೆದರಿಕೆ ಇದ್ದಲ್ಲಿ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಬೇರೆಯೇ ಆಗಿ ನೆರವಿಗೆ ಬರುತ್ತದೆ. ಮನೆ ತನ್ನ ಹೆಸರಿನಲ್ಲಿಲ್ಲದಿದ್ದರೂ, ಸಂಸಾರ ನಡೆಸಿದ ಮನೆಯಲ್ಲಿ ವಾಸಿಸುವ ಹಕ್ಕನ್ನು ಅದು ಮಹಿಳೆಗೆ ಕೊಡುತ್ತದೆ. ತುರ್ತು ಸಂದರ್ಭದಲ್ಲಿ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು.

ಮಕ್ಕಳ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ತಲಾಕ್ ಆದ ಮೇಲೆ ಮಗು ಎರಡು ವರ್ಷ ದಾಟಿದರೆ ತಂದೆಯ ಹೊಣೆ ಮುಗಿಯಿತು ಎಂದು ಕೆಲವರು ಭಾವಿಸುತ್ತಾರೆ. 1997ರಲ್ಲಿ ನೂರ್ ಸಬಾ ಖಾತೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ತಾಯಿಗೆ ತಲಾಕ್ ಆಗಿದ್ದರೂ ಮಕ್ಕಳು ಪ್ರಾಯಕ್ಕೆ ಬರುವವರೆಗೆ, ಹೆಣ್ಣುಮಕ್ಕಳಾದರೆ ಮದುವೆಯಾಗುವವರೆಗೆ ತಂದೆ ಸಾಕಬೇಕು ಎಂದು ತೀರ್ಪಾಯಿತು. ಶರೀಅತ್ ಕೂಡ ಮಕ್ಕಳ ಖರ್ಚನ್ನು ಇಟ್ಟಿರುವುದು ತಂದೆಯ ಹೆಗಲ ಮೇಲೆಯೇ.

ತಲಾಕ್ ಆದ ಬಳಿಕ

ಸಮುದಾಯದಲ್ಲಿ ಹೆಚ್ಚು ಚರ್ಚೆಯಾದದ್ದು ಈ ವಿಷಯ. ಇಂದೋರ್‌ನ ಶಾ ಬಾನು ಎಂಬ ವೃದ್ಧೆಯನ್ನು 1975ರಲ್ಲಿ ಪತಿ ಮನೆಯಿಂದ ಹೊರಹಾಕಿದರು. ಅವರ ಮದುವೆಯಾದದ್ದು 1932ರಲ್ಲಿ. 1978ರಲ್ಲಿ ಅವರು ಜೀವನಾಂಶ ಕೇಳಿದರು, ಅದೇ ವರ್ಷ ತಲಾಕ್ ಆಯಿತು. ಮ್ಯಾಜಿಸ್ಟ್ರೇಟ್ ನಿಗದಿ ಮಾಡಿದ್ದು ತಿಂಗಳಿಗೆ 25 ರೂಪಾಯಿ. ಹೈಕೋರ್ಟು ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. 1985ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಬಳಿಕ ನಡೆದ ವಿವಾದದಲ್ಲಿ 1986ರ ಮುಸ್ಲಿಂ ಮಹಿಳೆಯರ (ವಿಚ್ಛೇದನದ ಹಕ್ಕುಗಳ ಸಂರಕ್ಷಣೆ) ಕಾಯ್ದೆ ಬಂತು.

ಆ ಕಾಯ್ದೆಯ ಪ್ರಕಾರ ಮಾಜಿ ಪತಿ ಇದ್ದತ್ ಅವಧಿಯೊಳಗೆ ನ್ಯಾಯಯುತವಾದ ಏರ್ಪಾಡು ಮಾಡಿಕೊಡಬೇಕು, ಜೀವನಾಂಶ ಕೊಡಬೇಕು, ಬಾಕಿ ಮಹ್ರ್ ಮತ್ತು ಅವಳ ಸೊತ್ತುಗಳನ್ನು ಹಿಂದಿರುಗಿಸಬೇಕು. ಈ ಏರ್ಪಾಡು ಇದ್ದತ್‌ನ ಮೂರು ತಿಂಗಳಿಗೆ ಮಾತ್ರವೇ? ಶಾ ಬಾನು ಅವರ ಪರ ವಾದಿಸಿದ್ದ ವಕೀಲ ದಾನಿಯಲ್ ಲತೀಫಿ ಅವರೇ ಈ ಕಾಯ್ದೆಯನ್ನು ಪ್ರಶ್ನಿಸಿದರು. 2001ರ ಸೆಪ್ಟೆಂಬರ್ 28ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ ಏರ್ಪಾಡನ್ನು ಇದ್ದತ್‌ನೊಳಗೆ ಮಾಡಬೇಕು ಎಂದರೆ ಇದ್ದತ್‌ಗಷ್ಟೇ ಸಾಕು ಎಂದರ್ಥವಲ್ಲ, ಅವಳ ಮುಂದಿನ ಬದುಕನ್ನೂ ಗಮನದಲ್ಲಿಟ್ಟುಕೊಂಡು ಮಾಡಬೇಕು ಎಂದು ವಿವರಿಸಿತು. 2024ರ ಜುಲೈ 10ರಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಆಗಸ್ಟೀನ್ ಜಾರ್ಜ್ ಮಸೀಹ್ ಅವರ ಪೀಠ, ತಲಾಕ್ ಪಡೆದ ಮುಸ್ಲಿಂ ಮಹಿಳೆ ಬಯಸಿದರೆ 125ನೇ ಕಲಂ ಅಡಿಯಲ್ಲೂ ಜೀವನಾಂಶ ಕೇಳಬಹುದು ಎಂದು ಸ್ಪಷ್ಟಪಡಿಸಿತು.

ನಫಕಃ ಇದ್ದತ್‌ನೊಂದಿಗೆ ಮುಗಿಯುತ್ತದೆ ಎಂಬುದು ಬಹುಪಾಲು ಉಲಮಾಗಳ ನಿಲುವು. ಅದನ್ನು ಮರೆಮಾಚುವ ಅಗತ್ಯವಿಲ್ಲ. ಆದರೆ ಅದರ ಜೊತೆಗೇ ನಾವು ಮರೆತುಬಿಟ್ಟ ಇನ್ನೊಂದು ಮಾತಿದೆ, ಅದು ಮತಾಅ್. ಸೂರಃ ಅಲ್ ಬಕರದ 241ನೇ ಆಯತ್, ತಲಾಕ್ ಪಡೆದ ಸ್ತ್ರೀಯರಿಗೆ ಉತ್ತಮ ರೀತಿಯಲ್ಲಿ ಏನಾದರೂ ಕೊಟ್ಟು ಕಳುಹಿಸುವುದು ತಕ್ವಾ ಉಳ್ಳವರ ಮೇಲಿನ ಹೊಣೆ ಎನ್ನುತ್ತದೆ. ಕರಾವಳಿಯ ಬ್ಯಾರಿಗಳು, ನವಾಯತರು ಅನುಸರಿಸುವ ಶಾಫಿಈ ಮದ್‌ಹಬಿನಲ್ಲಿ, ದಾಂಪತ್ಯ ನಡೆಸಿದ ಪತ್ನಿಗೆ ಅವಳ ತಪ್ಪಿಲ್ಲದೆ ತಲಾಕ್ ಕೊಟ್ಟರೆ ಮತಾಅ್ ಕೊಡುವುದು ಕಡ್ಡಾಯ. ಹನಫೀ ಮದ್‌ಹಬಿನಲ್ಲಿ ಮಹ್ರ್ ಗೊತ್ತುಪಡಿಸದೆ, ದಾಂಪತ್ಯಕ್ಕೆ ಮುಂಚೆಯೇ ತಲಾಕ್ ಆದವಳಿಗೆ ಕಡ್ಡಾಯ, ಉಳಿದವರಿಗೆ ಪುಣ್ಯದ ಕೆಲಸ. ನಮ್ಮ ತಲಾಕ್‌ಗಳಲ್ಲಿ ಎಷ್ಟರಲ್ಲಿ ಮತಾಅ್‌ನ ಪ್ರಸ್ತಾಪ ಬರುತ್ತದೆ? ಇದ್ದತ್‌ನ ಮಿತಿಯನ್ನು ಬಾಯಿಪಾಠ ಮಾಡಿಕೊಂಡು ಮತಾಅ್‌ನ ಆಜ್ಞೆಯನ್ನು ಮರೆತದ್ದರಿಂದಲೇ ಎಷ್ಟೋ ಹೆಣ್ಣುಮಕ್ಕಳು ಕೋರ್ಟಿಗೆ ಹೋಗಬೇಕಾಯಿತು.

1986ರ ಕಾಯ್ದೆಯಲ್ಲಿ ಇನ್ನೊಂದು ಅಂಶವಿದೆ. ಇದ್ದತ್ ನಂತರ ಅವಳಿಗೆ ಆಸರೆಯಿಲ್ಲದಿದ್ದರೆ, ಮುಂದೆ ಅವಳ ಆಸ್ತಿಗೆ ವಾರಸುದಾರರಾಗುವ ಬಂಧುಗಳು ಸಾಕಬೇಕು, ಅವರಿಗೂ ಶಕ್ತಿಯಿಲ್ಲದಿದ್ದರೆ ರಾಜ್ಯದ ವಕ್ಫ್ ಮಂಡಳಿ ಕೊಡುವಂತೆ ಮ್ಯಾಜಿಸ್ಟ್ರೇಟ್ ಆದೇಶಿಸಬಹುದು.

ತಲಾಕ್‌ಗೂ ಕ್ರಮವಿದೆ. ಸೂರಃ ಅನ್ನಿಸಾದ 35ನೇ ಆಯತ್ ಎರಡೂ ಕುಟುಂಬಗಳಿಂದ ಒಬ್ಬೊಬ್ಬ ಮಧ್ಯಸ್ಥರನ್ನು ನೇಮಿಸಲು ಹೇಳುತ್ತದೆ. 2002ರ ಶಮೀಮ್ ಆರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದೇ ತತ್ವವನ್ನು ಮುಂದಿಟ್ಟಿತು. ತಲಾಕ್‌ಗೆ ಸಕಾರಣ ಬೇಕು, ಅದಕ್ಕೆ ಮೊದಲು ರಾಜಿಯ ಪ್ರಯತ್ನ ನಡೆದಿರಬೇಕು. ಹೆಂಡತಿ ಜೀವನಾಂಶ ಕೇಳಿದಾಗ, ಹಿಂದೆಯೇ ತಲಾಕ್ ಕೊಟ್ಟಿದ್ದೆ ಎಂದು ಜವಾಬಿನಲ್ಲಿ ಬರೆದುಬಿಟ್ಟರೆ ಅದು ತಲಾಕ್ ಆಗುವುದಿಲ್ಲ ಎಂದಿತು.

ವೃದ್ಧ ತಂದೆ ತಾಯಿ

ಹೆತ್ತವರಿಗೆ ಛೀ ಎಂಬ ಮಾತನ್ನೂ ಆಡಬಾರದೆಂದು ಕುರ್‌ಆನ್ ಕಲಿಸುತ್ತದೆ. ಹಾಗಿದ್ದೂ ಆಸ್ತಿಯನ್ನು ಹಿಬಾ ಮಾಡಿಸಿಕೊಂಡು, ನಂತರ ತಾಯಿಯನ್ನು ಒಬ್ಬ ಮಗನ ಮನೆಯಿಂದ ಇನ್ನೊಬ್ಬನ ಮನೆಗೆ ತಳ್ಳುವ ಉದಾಹರಣೆಗಳು ನಮ್ಮಲ್ಲೂ ಇವೆ.

2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯಡಿ ಇಂತಹವರು ಕೋರ್ಟಿಗೂ ಹೋಗಬೇಕಾಗಿಲ್ಲ. ನಮ್ಮ ರಾಜ್ಯದಲ್ಲಿ ಉಪವಿಭಾಗಾಧಿಕಾರಿಗಳೇ ಇದರ ನ್ಯಾಯಮಂಡಳಿ. ಅರ್ಜಿದಾರರಿಗೆ ಓಡಾಡಲು ಆಗದಿದ್ದರೆ ಅವರು ಒಪ್ಪಿಗೆ ಕೊಟ್ಟ ಬೇರೆಯವರು ಅಥವಾ ಸಂಸ್ಥೆ ಅರ್ಜಿ ಹಾಕಬಹುದು. ನೋಟಿಸ್ ತಲುಪಿದ 90 ದಿನಗಳೊಳಗೆ ತೀರ್ಮಾನವಾಗಬೇಕು. ವಿಶೇಷ ಕಾರಣವಿದ್ದರೆ ಇನ್ನೂ 30 ದಿನ. ಕಾಯ್ದೆಯಲ್ಲಿ ಹೇಳಿರುವಂತೆ ತಿಂಗಳಿಗೆ ಗರಿಷ್ಠ 10,000 ರೂಪಾಯಿಯವರೆಗೆ ಆದೇಶಿಸಬಹುದು. ಹೆಣ್ಣುಮಕ್ಕಳೂ ಈ ಹೊಣೆಯಿಂದ ಹೊರಗಲ್ಲ. ಮದುವೆಯಾದ ಮಗಳಿಗೂ ಶಕ್ತಿಯಿದ್ದರೆ ಹೆತ್ತವರನ್ನು ಸಾಕುವ ಬಾಧ್ಯತೆಯಿದೆ ಎಂದು ಸುಪ್ರೀಂ ಕೋರ್ಟು 1987ರಷ್ಟು ಹಿಂದೆಯೇ ಹೇಳಿದೆ.

ಈ ಕಾಯ್ದೆಯ 23ನೇ ಕಲಂ ಬಹಳ ಮುಖ್ಯ. ತನ್ನನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ಆಸ್ತಿಯನ್ನು ದಾನವಾಗಿ ಕೊಟ್ಟಿದ್ದು, ಪಡೆದವನು ನೋಡಿಕೊಳ್ಳದಿದ್ದರೆ ಆ ವರ್ಗಾವಣೆಯನ್ನು ರದ್ದುಪಡಿಸಬಹುದು. ಆ ಷರತ್ತು ಪತ್ರದಲ್ಲೇ ಸ್ಪಷ್ಟವಾಗಿ ಬರೆದಿದ್ದರೆ ಮುಂದೆ ತಕರಾರು ಕಡಿಮೆ. ಆದ್ದರಿಂದ ಆಸ್ತಿ ಬರೆದುಕೊಡುವ ಮುನ್ನ ಹಿರಿಯರು ವಕೀಲರಿಂದ ಪತ್ರವನ್ನು ಓದಿಸಿ ತಿಳಿದುಕೊಳ್ಳಲಿ. ಹಿರಿಯರ ಸಹಾಯವಾಣಿ ಸಂಖ್ಯೆ 14567.

ಹಣವಿಲ್ಲದವರಿಗೂ ವಕೀಲರು

ಕೋರ್ಟು ಹಣವಂತರಿಗೆ ಎಂಬ ಮಾತು ಪೂರ್ತಿ ನಿಜವಲ್ಲ. 1979ರಲ್ಲಿ ಹುಸ್ಸೈನಾರಾ ಖಾತೂನ್ ಎಂಬ ಹೆಸರಿನ ಪ್ರಕರಣವೊಂದು ಸುಪ್ರೀಂ ಕೋರ್ಟಿಗೆ ಬಂತು. ವಿಚಾರಣೆಯೇ ಆಗದೆ ಬಿಹಾರದ ಜೈಲುಗಳಲ್ಲಿ ವರ್ಷಗಟ್ಟಲೆ ಕೊಳೆಯುತ್ತಿದ್ದ ಬಡ ಕೈದಿಗಳ ಪರವಾಗಿ ವಕೀಲೆ ಕಪಿಲಾ ಹಿಂಗೋರಾನಿ ಅರ್ಜಿ ಹಾಕಿದ್ದರು. ಮೇಲಿನ ಹೆಸರು ಆ ಕೈದಿಗಳಲ್ಲೊಬ್ಬರದು. ಬೇಗ ವಿಚಾರಣೆ ನಡೆಯುವುದು, ಬಡವನಿಗೆ ಉಚಿತ ವಕೀಲರು ಸಿಗುವುದು ಸಂವಿಧಾನದ 21ನೇ ವಿಧಿಯ ಹಕ್ಕಿನೊಳಗೇ ಸೇರಿದೆ ಎಂದು ಕೋರ್ಟು ಘೋಷಿಸಿತು.

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಈ ಹಕ್ಕಿಗೆ ವ್ಯವಸ್ಥೆ ಮಾಡಿತು. ಅದು 1995ರ ನವೆಂಬರ್ 9ರಂದು ಜಾರಿಗೆ ಬಂತು. ಈ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರು, ಮಕ್ಕಳು, ಅಂಗವಿಕಲರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಮುಂತಾದವರಿಗೆ ಆದಾಯದ ಮಿತಿಯೇ ಇಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಉಳಿದವರಿಗೆ ನಿಗದಿಪಡಿಸಿದ ಆದಾಯ ಮಿತಿಯಿದೆ. ಅಂದರೆ ಯಾವುದೇ ಮಹಿಳೆ, ಗಂಡ ಶ್ರೀಮಂತನಿದ್ದರೂ, ಉಚಿತ ವಕೀಲರನ್ನು ಕೇಳಬಹುದು.

ಕ್ರಮ ಸರಳ. ತಾಲ್ಲೂಕು ಕೋರ್ಟಿನ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ, ಅಥವಾ ಜಿಲ್ಲಾ ಕೋರ್ಟಿನಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅರ್ಜಿ ಕೊಡಬೇಕು. ಬರೆಯಲು ಬಾರದಿದ್ದರೆ ಅಲ್ಲಿಯ ಸಿಬ್ಬಂದಿ ಬರೆದುಕೊಳ್ಳುತ್ತಾರೆ. 15100ಕ್ಕೆ ಕರೆ ಮಾಡಿಯೂ ವಿಚಾರಿಸಬಹುದು. ಹೋಗುವಾಗ ಆಧಾರ್, ನಿಕಾಹ್ ನಾಮೆ ಅಥವಾ ಮಸೀದಿಯ ವಿವಾಹ ದಾಖಲೆಯ ಪ್ರತಿ, ಮಕ್ಕಳ ಜನನ ಪ್ರಮಾಣಪತ್ರ, ಗಂಡನ ಉದ್ಯೋಗದ ಬಗ್ಗೆ ಗೊತ್ತಿರುವ ವಿವರಗಳು ಇದ್ದರೆ ಕೆಲಸ ಸುಲಭವಾಗುತ್ತದೆ.

ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಖರ್ಚು, ಅಲೆದಾಟ ಎರಡೂ ಉಳಿಯುತ್ತವೆ. ಆದರೆ ಅಲ್ಲಿಯ ತೀರ್ಮಾನ ಕೋರ್ಟಿನ ಡಿಕ್ರಿಗೆ ಸಮ. ಅದರ ಮೇಲೆ ಅಪೀಲು ಇಲ್ಲ. ಆದ್ದರಿಂದ ಸಹಿ ಹಾಕುವ ಮುನ್ನ ಪ್ರತಿಯೊಂದು ಷರತ್ತನ್ನೂ ಓದಿಸಿ ಕೇಳಬೇಕು. ಯಾರದೋ ದಾಕ್ಷಿಣ್ಯಕ್ಕೆ ಸಹಿ ಹಾಕಬಾರದು.

ಜಮಾಅತ್ ಏನು ಮಾಡಬಹುದು?

ಜಗಳ ಮಸೀದಿಯ ಕಮಿಟಿಗೆ ಬರುವುದು ಸಹಜ. ರಾಜಿ ಮಾಡಿಸುವುದು ದೊಡ್ಡ ಪುಣ್ಯದ ಕೆಲಸ. ಆದರೆ ಅದರ ಮಿತಿ ತಿಳಿದಿರಬೇಕು. 2014ರ ಜುಲೈನಲ್ಲಿ ವಿಶ್ವ ಲೋಚನ್ ಮದನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಫತ್ವಾ ಮತ್ತು ದಾರುಲ್ ಕಝಾಗಳ ತೀರ್ಮಾನಗಳು ಇಷ್ಟವಿದ್ದವರು ಪಾಲಿಸಬಹುದಾದವು, ಕಾನೂನಿನ ಬಲ ಅವಕ್ಕಿಲ್ಲ, ಯಾರ ಮೇಲೂ ಹೇರುವಂತಿಲ್ಲ ಎಂದಿತು. ಕಮಿಟಿಯ ಮುಂದೆ ತಿಂಗಳಿಗಿಷ್ಟು ಕೊಡುತ್ತೇನೆ ಎಂದು ಒಪ್ಪಿದವನು ಎರಡು ತಿಂಗಳ ನಂತರ ನಿಲ್ಲಿಸಿದರೆ ಕಮಿಟಿಗೆ ವಾರಂಟ್ ಹೊರಡಿಸುವ ಅಧಿಕಾರವಿಲ್ಲ. ಆ ಅಧಿಕಾರವಿರುವುದು ಕೋರ್ಟಿಗೆ.

ಹಾಗಾಗಿ ರಾಜಿಯ ಮಾತುಕತೆಗೆ ಒಂದು ಗಡುವು ಇರಲಿ. ವರ್ಷಗಟ್ಟಲೆ ಎಳೆಯುವುದು ರಾಜಿಯಲ್ಲ, ದುರ್ಬಲರನ್ನು ದಣಿಸುವುದು. ಮಾತುಕತೆಯಲ್ಲಿ ಹೆಣ್ಣಿನ ಮಾತನ್ನು ಅವಳ ಬಾಯಿಂದಲೇ ಕೇಳಲಿ, ಅವಳ ಅಣ್ಣ ಅಥವಾ ಮಾವನ ಮೂಲಕವಲ್ಲ. ಗಡುವು ಮೀರಿದರೆ ಕಮಿಟಿಯವರೇ, ನಡೆಯಮ್ಮಾ, ಕಾನೂನು ಸೇವಾ ಸಮಿತಿಗೆ ನಿಮ್ಮ ಜೊತೆ ನಾವು ಬರುತ್ತೇವೆ ಎಂದು ಹೊರಡಲಿ. ಮದುವೆ ದಾಖಲೆಯ ಪ್ರತಿ ಕೇಳಿದವಳಿಗೆ ಕೂಡಲೇ ಕೊಡಲಿ. ಕೇಸು ಹಾಕಿದ ಕುಟುಂಬವನ್ನು ದೂರವಿಡದಿರಲಿ. ಹಿಲ್ಫುಲ್ ಫುಝೂಲ್‌ನ ಸುನ್ನತ್ ಇಂದು ಹೀಗೆ ಜೀವಂತವಾಗಬಲ್ಲದು.

ತೀರ್ಪಿನ ಆಚೆಗೆ

ಕೋರ್ಟು ಕಾಣುವುದು ಕಾಗದವನ್ನು, ಕೇಳುವುದು ಸಾಕ್ಷಿಯನ್ನು. ಗಲ್ಫ್‌ನಲ್ಲಿ ಒಳ್ಳೆಯ ಸಂಬಳ ಪಡೆಯುತ್ತ ಕೆಲಸವಿಲ್ಲ ಎಂದು ಅಫಿಡವಿಟ್ ಹಾಕುವವನೂ, ಅಂಗಡಿಯನ್ನು ತಮ್ಮನ ಹೆಸರಿಗೆ ಮಾಡಿ ತಾನು ಬಡವನೆನ್ನುವವನೂ ಕೆಲವೊಮ್ಮೆ ಗೆಲ್ಲುತ್ತಾನೆ. ಇಲ್ಲದ ಆರೋಪಗಳನ್ನು ಸೇರಿಸಿ ಗಂಡನ ವೃದ್ಧ ತಂದೆ ತಾಯಿಯನ್ನೂ ಕೇಸಿಗೆ ಎಳೆಯುವವರೂ ಇದ್ದಾರೆ. ಇಬ್ಬರೂ ಉಮ್ಮು ಸಲಮಾ(ರ) ವರದಿ ಮಾಡಿದ ಹದೀಸನ್ನು ನೆನಪಿಡಬೇಕು. ತಾನೂ ಮನುಷ್ಯನೇ, ವಾದದಲ್ಲಿ ಒಬ್ಬ ಇನ್ನೊಬ್ಬನಿಗಿಂತ ಜಾಣನಿರಬಹುದು, ತಾನು ಕೇಳಿದ್ದರ ಆಧಾರದ ಮೇಲೆ ಅವನ ಪರ ತೀರ್ಪು ಕೊಡಬಹುದು. ಹಾಗೆ ತನ್ನ ಸಹೋದರನ ಹಕ್ಕು ಅವನ ಕೈಸೇರಿದರೆ ಅದು ಬೆಂಕಿಯ ತುಂಡು ಎಂದು ಪ್ರವಾದಿ(ಸ) ಎಚ್ಚರಿಸಿದರು. ಸ್ವತಃ ಪ್ರವಾದಿ(ಸ)ರ ತೀರ್ಪೇ ಹರಾಮನ್ನು ಹಲಾಲಾಗಿಸದಿದ್ದರೆ, ಇಂದಿನ ಕೋರ್ಟಿನ ತೀರ್ಪು ಹೇಗೆ ಮಾಡೀತು? ಸುಳ್ಳು ಅಫಿಡವಿಟ್ ಸುಳ್ಳು ಸಾಕ್ಷ್ಯವೇ, ಅದು ಮಹಾಪಾಪಗಳಲ್ಲಿ ಒಂದು.

ಜುಮಾ ದಿನ ಖುತ್ಬಾದ ಕೊನೆಯಲ್ಲಿ ಬಹುತೇಕ ಖತೀಬರು ಸೂರಃ ಅನ್ನಹ್ಲ್‌ನ 90ನೇ ಆಯತ್ ಓದುತ್ತಾರೆ. ಈ ಪದ್ಧತಿ ಖಲೀಫಾ ಉಮರ್ ಬಿನ್ ಅಬ್ದುಲ್ ಅಝೀಝ್(ರ) ಅವರಿಂದ ಆರಂಭವಾಯಿತೆಂದು ಚರಿತ್ರೆ ಹೇಳುತ್ತದೆ. ಅದರಲ್ಲಿ ಮೂರು ಆಜ್ಞೆಗಳಿವೆ: ಅದ್ಲ್ ಅಂದರೆ ನ್ಯಾಯ, ಇಹ್ಸಾನ್ ಅಂದರೆ ಹಕ್ಕಿಗಿಂತ ಹೆಚ್ಚಿನ ಒಳಿತು, ಮತ್ತು ಬಂಧುಗಳಿಗೆ ಕೊಡುವುದು. ನ್ಯಾಯಾಲಯ ಕೊಡಿಸಬಲ್ಲದ್ದು ಮೊದಲನೆಯದನ್ನು ಮಾತ್ರ. ತಿಂಗಳಿಗೆ ಇಷ್ಟು ರೂಪಾಯಿ ಎಂದು ಅದು ಬರೆದೀತು. ತಾಯಿಯ ಪಕ್ಕ ಕೂತು ಊಟ ಮಾಡು ಎಂದೋ, ಮಗಳ ಶಾಲೆಗೆ ಹೋಗಿ ಬಾ ಎಂದೋ ಬರೆಯಲಾರದು. ಇಹ್ಸಾನ್ ನಮ್ಮ ಕೈಯಲ್ಲಿದೆ. ನಾವು ಅದನ್ನು ಮಾಡಿದರೆ ಎಷ್ಟೋ ಮನೆಗಳವರು ಕೋರ್ಟಿಗೆ ಹೋಗಬೇಕಾಗುವುದೇ ಇಲ್ಲ. ನಾವು ಅದನ್ನು ಮಾಡದಿದ್ದಾಗ, ಅದ್ಲ್ ಕೇಳಲು ಹೊರಟವರ ದಾರಿಗೆ ಅಡ್ಡ ನಿಲ್ಲುವ ಹಕ್ಕು ನಮಗಿಲ್ಲ.

ಮುಂದಿನ ಜುಮಾದಲ್ಲಿ ಆ ಆಯತ್ ಕೇಳುವಾಗ, ನಮ್ಮ ಓಣಿಯಲ್ಲಿ ಯಾರ ದೂರು ಇನ್ನೂ ಯಾರ ಕಿವಿಗೂ ಬೀಳದೆ ಉಳಿದಿದೆ ಎಂದು ಒಮ್ಮೆ ಯೋಚಿಸೋಣ. ದುರ್ಬಲರ ಜೊತೆ ನಿಲ್ಲುವ, ನಮ್ಮ ವಿರುದ್ಧವಾದರೂ ಸತ್ಯವನ್ನೇ ನುಡಿಯುವ ತೌಫೀಕನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.